ವೋಟಿಲ್ಲದವನ ಪ್ರಚಾರ

ನಮ್ಮ ಪರಿಚಯ ಶುರುವಾಗಿದ್ದು ನನ್ನ ಉಗುರಿನಿಂದ. 2024ರ ಏಪ್ರಿಲ್ 26ಕ್ಕೆ ತುಮಕೂರಿನಲ್ಲಿ ಲೋಕಸಭೆಗೆ ವೋಟು ಹಾಕಿ, ಮೇ ತಿಂಗಳ ನಡುವಿಗೆ ನ್ಯೂಜೆರ್ಸಿಯ ಮಗಳ ಮನೆಗೆ ಬಂದಿದ್ದೆ. ಎಡಗೈ ತೋರುಬೆರಳಿನ ಉಗುರಿನ ಮೇಲೆ ಶಾಯಿ ಇನ್ನೂ ಹಾಗೇ ಇತ್ತು. ಪಕ್ಕದ ಮನೆಯಾಕೆ ಅದನ್ನು ನೋಡಿ, "ಅಯ್ಯೋ, ಬಾಗಿಲಿಗೆ ಸಿಕ್ಕಿಸಿಕೊಂಡ್ರಾ?" ಅಂದರು. ಇಲ್ಲಮ್ಮ, ಇದು ವೋಟಿನ ಗುರುತು, ಈ ಶಾಯಿ ನಮ್ಮ ಮೈಸೂರಿನಲ್ಲೇ ತಯಾರಾಗುತ್ತೆ, 1962ರಿಂದ ಬಳಕೆಯಲ್ಲಿದೆ ಅಂತೆಲ್ಲ ಹೇಳಿದೆ. ಮೇಷ್ಟ್ರುಗಳ ಚಾಳಿ ನೋಡಿ. ಒಂದು ಕೇಳಿದರೆ ಹತ್ತು ಹೇಳೋದು.

ಆಕೆಯೂ ಟೀಚರ್. ಅದೇ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತಿ ಆದವರು. ನನ್ನದೂ ಗಣಿತವೇ. ನನ್ನನ್ನು 'ಮೇಷ್ಟ್ರೇ' ಅಂತ ಕರೀಬೇಕು ಅಂತ ನನ್ನ ಮೊಮ್ಮಗಳು ಅವರಿಗೆ ಕಲಿಸಿದ್ದಳು. ಅವರ ಬಾಯಲ್ಲಿ ಅದು 'ಮೇಸ್ತ್ರಿ' ಆಗಿತ್ತು. ಗಾರೆ ಕೆಲಸದವನಂತೆ ಕರೆಸಿಕೊಂಡೇ ಆರು ತಿಂಗಳು ಕಳೆದೆ. ತಿದ್ದಲು ಹೋಗಲಿಲ್ಲ.

ಜುಲೈ ಕೊನೆಯಲ್ಲಿ ಒಂದು ದಿನ ಸುಮ್ನೆ ಹೇಳುವ ಹಾಗೆ, "ಸ್ಕೂಲ್ ಬೋರ್ಡಿಗೆ ನಿಂತಿದ್ದೀನಿ" ಅಂದರು. ನನಗೆ ಅರ್ಥವಾಗಲಿಲ್ಲ. ಅಲ್ಲಿ ಊರಿನ ಶಾಲೆಗಳನ್ನು ನೋಡಿಕೊಳ್ಳುವ ಮಂಡಳಿಗೆ ಜನರೇ ವೋಟು ಹಾಕಿ ಆರಿಸುತ್ತಾರೆ. ಅವರ ಊರಿನಲ್ಲಿ ಒಂಬತ್ತು ಜನ ಸದಸ್ಯರು, ಮೂರು ವರ್ಷದ ಅವಧಿ, ಪ್ರತಿ ವರ್ಷ ಮೂರು ಸ್ಥಾನಕ್ಕೆ ಚುನಾವಣೆ. ಬಜೆಟ್ ಒಪ್ಪೋದು, ಶಾಲೆಗಳ ಮುಖ್ಯಾಧಿಕಾರಿಯನ್ನು ನೇಮಿಸೋದು ಎಲ್ಲ ಇವರದೇ ಕೆಲಸ. ಸಂಬಳ ಒಂದು ಪೈಸೆ ಇಲ್ಲ. ಪಕ್ಷದ ಚಿಹ್ನೆಯೂ ಇಲ್ಲ.

"ನಿಮ್ಮಲ್ಲೂ ಇದೆಯಾ?" ಅಂತ ಕೇಳಿದರು. ನಾನು ಎಸ್‌ಡಿಎಂಸಿ ಕಥೆ ಹೇಳಿದೆ. 2001ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಬಂದ ಸಮಿತಿ ಅದು. ಮಕ್ಕಳ ಅಪ್ಪ ಅಮ್ಮಂದಿರೇ ಅದರ ಸದಸ್ಯರು, ಅವರಲ್ಲೇ ಒಬ್ಬರು ಅಧ್ಯಕ್ಷರು. ಹೆಡ್ ಮೇಷ್ಟ್ರು ಕಾರ್ಯದರ್ಶಿ, ಅಂದರೆ ನಡಾವಳಿ ಪುಸ್ತಕ ಬರೆಯುವವನು. ನಾನಿದ್ದ ಒಂದು ಊರಿನಲ್ಲಿ ಅಧ್ಯಕ್ಷಗಿರಿಗೆ ಎರಡು ಬಣ ಜಗಳಕ್ಕೆ ಬಿದ್ದು, ಬೆಳಗ್ಗೆ ಕರೆದ ಸಭೆ ಸಂಜೆಯಾದರೂ ಮುಗಿದಿರಲಿಲ್ಲ. ಕೊನೆಗೆ ಒಂದನೇ ಕ್ಲಾಸಿನ ಹುಡುಗಿಯ ಕೈಯಲ್ಲಿ ಚೀಟಿ ಎತ್ತಿಸಿದೆವು. ಸೋತವರು ಎರಡು ತಿಂಗಳು ನನಗೆ ನಮಸ್ಕಾರ ಹೇಳುವುದನ್ನೇ ಬಿಟ್ಟಿದ್ದರು.

"ಹಾಗಾದರೆ ನೀವು ಯಾವತ್ತೂ ನಿಂತಿಲ್ಲ?"

ಇಲ್ಲ. ನಿಂತಿಲ್ಲ, ಆದರೆ ಎಷ್ಟು ಚುನಾವಣೆ ನಡೆಸಿದ್ದೀನೋ ಲೆಕ್ಕವಿಲ್ಲ. ಮಸ್ಟರಿಂಗ್ ದಿನ ತಾಲ್ಲೂಕು ಕೇಂದ್ರಕ್ಕೆ ಹೋಗಿ ಪೆಟ್ಟಿಗೆ, ಫಾರಂಗಳ ಗಂಟು, ಅರಗು, ಶಾಯಿ ಎಲ್ಲ ಎಣಿಸಿಕೊಂಡು, ಯಾವುದೋ ಹಳ್ಳಿಯ ಶಾಲೆಯ ಬೆಂಚಿನ ಮೇಲೆ ಮಲಗಿ, ಮರುದಿನ ವೋಟು ಹಾಕಿಸಿ, ರಾತ್ರಿ ಹನ್ನೊಂದಕ್ಕೆ ಅದನ್ನೆಲ್ಲ ವಾಪಸ್ ಒಪ್ಪಿಸುವ ಡಿಮಸ್ಟರಿಂಗ್ ಕ್ಯೂನಲ್ಲಿ ನಿಂತವರು ನಾವು. ಊರಿಗೆಲ್ಲ ವೋಟು ಹಾಕಿಸಿದ ಕೈ. ಆದರೆ "ನನಗೆ ವೋಟು ಕೊಡಿ" ಅಂತ ಒಬ್ಬರನ್ನೂ ಕೇಳಿಲ್ಲ. ಅದು ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ಅಕ್ಟೋಬರಿನ ಒಂದು ಶನಿವಾರ.

ಅವತ್ತು ಅವರ ಜೊತೆ ಬರಬೇಕಾಗಿದ್ದ ಗೆಳತಿಗೆ ಜ್ವರ. "ಮೇಸ್ತ್ರಿ, ಸುಮ್ನೆ ಜೊತೆಗೆ ನಡೀತೀರಾ?" ಅಂದರು. ನನಗೂ ವಾಕಿಂಗ್ ಆದ ಹಾಗಾಯ್ತು ಅಂತ ಹೊರಟೆ. ಕರಪತ್ರದ ಚೀಲ ನನ್ನ ಹೆಗಲಿಗೆ, ಮತದಾರರ ಪಟ್ಟಿ ಅವರ ಕೈಗೆ. ಹೋದ ಮನೆಯವರ ಹೆಸರಿನ ಮುಂದೆ 1ರಿಂದ 5ರವರೆಗೆ ಒಂದು ಅಂಕಿ ಹಾಕಬೇಕು. ಖಂಡಿತ ಕೊಡ್ತಾರೆ ಅಂದರೆ 1, ಖಂಡಿತ ಇಲ್ಲ ಅಂದರೆ 5. ಜನ್ಮವೆಲ್ಲ ಜಾಸ್ತಿ ಅಂಕ ಒಳ್ಳೇದು ಅಂತ ಬದುಕಿದ ಇಬ್ಬರು ಗಣಿತದವರಿಗೆ ಈ ತಲೆಕೆಳಗಿನ ಪದ್ಧತಿ ಮಧ್ಯಾಹ್ನದವರೆಗೂ ಒಗ್ಗಲಿಲ್ಲ.

ಮೊದಲ ಮನೆಯ ಟಪಾಲು ಡಬ್ಬಿಗೆ ಕರಪತ್ರ ಹಾಕಲು ಹೋದೆ. ಆಕೆ ಓಡಿ ಬಂದು ಕೈ ಹಿಡಿದರು. ಸ್ಟಾಂಪ್ ಇಲ್ಲದ ಕಾಗದವನ್ನು ಅದರೊಳಗೆ ಹಾಕುವ ಹಾಗಿಲ್ಲವಂತೆ, ಕೇಂದ್ರ ಸರ್ಕಾರದ ಕಾನೂನು. ಬಾಗಿಲ ಸಂದಿಗೆ ಸಿಕ್ಕಿಸಬಹುದು ಅಷ್ಟೆ. ಅರ್ಧ ಮನೆಗಳಲ್ಲಿ ಯಾರೂ ಹೊರಗೆ ಬರಲೇ ಇಲ್ಲ. ಕ್ಯಾಮೆರಾ ಇರುವ ಕರೆಗಂಟೆಯೇ ಮಾತಾಡುತ್ತಿತ್ತು. ಮೂವತ್ತು ವರ್ಷ ಪಾಠ ಹೇಳಿದ ಹೆಂಗಸು ಗೋಡೆಯ ಮೇಲಿನ ಗುಂಡಿಯ ಮುಂದೆ ನಿಂತು, "ನಾನು ಈ ಊರಿನ ಟೀಚರ್ ಆಗಿದ್ದೆ" ಅಂತ ಶುರು ಮಾಡುವುದನ್ನು ನೋಡಲು ನನಗೇ ಒಂಥರಾ ಆಗುತ್ತಿತ್ತು.

ಒಬ್ಬಾತ ಬಾಗಿಲು ತೆಗೆದವನೇ ಕೇಳಿದ್ದು, "ಯಾವ ಪಾರ್ಟಿ?" ಅದು ಟ್ರಂಪ್, ಹ್ಯಾರಿಸ್ ಚುನಾವಣೆಯ ಕಾಲ. ಬೀದಿ ತುಂಬ ಅವರದೇ ಫಲಕ. ಸ್ಕೂಲ್ ಬೋರ್ಡಿಗೆ ಪಾರ್ಟಿ ಇಲ್ಲ ಅಂತ ಆಕೆ ವಿವರಿಸುವಷ್ಟರಲ್ಲಿ ಬಾಗಿಲು ಹಾಕಿತ್ತು. ಇನ್ನೊಂದು ಮನೆಯಲ್ಲಿ ಒಬ್ಬ ಮುದುಕರು ಕಂದಾಯದ ಕಾಗದವನ್ನೇ ತಂದು ತೋರಿಸಿದರು. ನ್ಯೂಜೆರ್ಸಿಯಲ್ಲಿ ಒಟ್ಟು ಮನೆ ಕಂದಾಯದ ಅರ್ಧಕ್ಕಿಂತ ಜಾಸ್ತಿ ಶಾಲೆಗಳಿಗೇ ಹೋಗುತ್ತೆ. "ನನ್ನ ಮಕ್ಕಳು ಓದು ಮುಗಿಸಿ ಇಪ್ಪತ್ತೈದು ವರ್ಷ ಆಯ್ತು, ನಾನ್ಯಾಕೆ ಕಟ್ಟಬೇಕು?" ಅಂದರು. ನಮ್ಮಲ್ಲಿ ಈ ಪ್ರಶ್ನೆ ಹುಟ್ಟೋದೇ ಇಲ್ಲ. ಶಾಲೆಯ ದುಡ್ಡು ಬೆಂಗಳೂರಿನಿಂದ ಬರುತ್ತೆ, ಅದು ತನ್ನ ಜೇಬಿನದು ಅಂತ ಯಾವ ರೈತನಿಗೂ ಅನ್ನಿಸೋದಿಲ್ಲ. ಹಾಗಾಗಿ ಲೆಕ್ಕ ಕೇಳುವವರೂ ಕಡಿಮೆ. ಈ ಮುದುಕರು ಇಪ್ಪತ್ತು ನಿಮಿಷ ಲೆಕ್ಕ ಕೇಳಿದರು.

ಮತ್ತೊಂದು ಕಡೆ ಇಬ್ಬರು ತಾಯಂದಿರು ಸ್ಕೂಲ್ ಬಸ್ ಕೇಳಿದರು. ಎಂಟನೇ ಕ್ಲಾಸಿನವರೆಗಿನ ಮಕ್ಕಳ ಮನೆ ಎರಡು ಮೈಲಿಗಿಂತ ದೂರ ಇದ್ದರೆ ಮಾತ್ರ ಬಸ್ ಕೊಡಲೇಬೇಕು ಅಂತ ಆ ರಾಜ್ಯದ ನಿಯಮ. ಇವರ ಮನೆ ಅದಕ್ಕಿಂತ ಸ್ವಲ್ಪ ಹತ್ತಿರ, ಆದರೆ ನಡುವಿನ ದೊಡ್ಡ ರಸ್ತೆಗೆ ಫುಟ್‌ಪಾತೇ ಇಲ್ಲ. "ಬಸ್ ಕೊಡಿಸ್ತೀನಿ" ಅನ್ನಲಿ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಒಂದೇ ಮಾತು, ಎರಡು ವೋಟು. ಆಕೆ ಅನ್ನಲಿಲ್ಲ. ಶಾಲೆಯ ಕಂದಾಯವನ್ನು ಕೆಲವು ವಿನಾಯಿತಿ ಬಿಟ್ಟರೆ ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ, ಬಸ್ ಕೊಟ್ಟರೆ ಬೇರೆ ಯಾವುದನ್ನೋ ಕಡಿಮೆ ಮಾಡಬೇಕಾಗುತ್ತೆ, ಅದು ಯಾವುದು ಅಂತ ನೋಡದೆ ಮಾತು ಕೊಡಲಾರೆ ಅಂದರು. ತಾಯಂದಿರ ಮುಖ ಸಣ್ಣದಾಯಿತು. ಪಟ್ಟಿಯಲ್ಲಿ 4 ಬರೆದುಕೊಂಡು ಮುಂದೆ ನಡೆದೆವು.

"ನೋಡ್ತೀನಿ ಅನ್ನಬಹುದಿತ್ತಲ್ವಾ?" ಅಂದೆ.

"ನೋಡ್ತೀನಿ ಅಂತ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೀರಿ ಮೇಸ್ತ್ರಿ? ಆಮೇಲೆ ನೋಡಿದ್ದೀರಾ?"

ನಾನು ಹೆಗಲ ಮೇಲಿನ ಚೀಲ ಸರಿಮಾಡಿಕೊಂಡೆ.

ಹಳೇ ಶಿಷ್ಯನ ಮನೆಯೂ ಬಂತು. ನಲವತ್ತರ ಆಸುಪಾಸಿನ ಗಂಡಸು, ಕಂಕುಳಲ್ಲಿ ಮಗು. ನೋಡಿದ ಕೂಡಲೇ ಗುರುತು ಹಿಡಿದ. ಸರಿ, ಇಲ್ಲಿ 1 ಖಚಿತ ಅಂದುಕೊಂಡೆ. ನಮ್ಮೂರಲ್ಲಾದರೆ ಬಗ್ಗಿ ಕಾಲು ಮುಟ್ಟುತ್ತಿದ್ದ. ಅವನು ನಗುನಗುತ್ತಲೇ, "ನೀವು ಬೋರ್ಡಿನ ಮುಂದೆ ನಿಲ್ಲಿಸಿ ಲೆಕ್ಕ ಮಾಡಿಸ್ತಿದ್ರಿ. ಬರದೇ ಹೋದರೆ ಇಡೀ ಕ್ಲಾಸು ನೋಡ್ತಿತ್ತು. ನನಗೆ ಅದು ಇನ್ನೂ ನೆನಪಿದೆ. ನಾನು ಬೇರೆಯವರಿಗೆ ಹಾಕ್ತೀನಿ" ಅಂದ. ಆಕೆ ಒಂದು ಕ್ಷಣ ಸುಮ್ಮನಿದ್ದು, "ಹೇಳಿದ್ದಕ್ಕೆ ಥ್ಯಾಂಕ್ಸ್" ಅಂದರು. ರಸ್ತೆಗೆ ಬಂದ ಮೇಲೆ ಅವನ ಹೆಸರಿನ ಮುಂದೆ ನೀಟಾಗಿ 5 ಬರೆದರು. ನಾನೂ ಹಾಗೆ ಎಷ್ಟು ಮಕ್ಕಳನ್ನು ನಿಲ್ಲಿಸಿರಬಹುದು ಅಂತ ಮುಂದಿನ ನಾಲ್ಕು ಮನೆ ದಾಟುವವರೆಗೂ ಎಣಿಸುತ್ತಿದ್ದೆ.

ಬೀದಿಯ ಕೊನೆಯ ಮನೆಯ ಮುಂದೆ ರಂಗೋಲಿ ಇತ್ತು. ಬಾಗಿಲು ತೆಗೆದವರು ಒಬ್ಬ ಅಜ್ಜಿ. ನಮ್ಮ ಟೀಚರ್ ಇಂಗ್ಲಿಷಿನಲ್ಲಿ ಶುರು ಮಾಡಿದರು. ಅಜ್ಜಿ ನನ್ನ ಮುಖ ನೋಡಿ, "ಏನಂತೆ ಇವರದು?" ಅಂದರು. ಕನ್ನಡ! ಹಾಸನದ ಕಡೆಯವರು. ಮಗ ಸೊಸೆ ಕಾಸ್ಟ್‌ಕೋ ಅಂಗಡಿಗೆ ಹೋಗಿದ್ದರು.

"ಇಸ್ಕೂಲಿನ ಎಲೆಕ್ಷನ್‌ಗೆ ನಿಂತವ್ರೆ ಕಣಮ್ಮ, ವೋಟು ಕೇಳೋಕೆ ಬಂದಿದ್ದೀವಿ."

"ಬರೀ ಕಾಗದ ಕೊಡ್ತಾರಾ? ನಮ್ ಕಡೆ ಆಗಿದ್ರೆ ಕುಕ್ಕರ್ ಆದ್ರೂ ಕೊಡೋರು."

ನಾನು ನಕ್ಕಿದ್ದನ್ನು ನೋಡಿ ಆಕೆ ಏನು ಅಂತ ಕೇಳಿದರು. ಕುಕ್ಕರಿನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುವುದು ಸುಲಭವಲ್ಲ. ಅಜ್ಜಿಗೂ ವೋಟಿಲ್ಲ, ನನ್ನ ಹಾಗೆ ಬಂದು ಹೋಗುವವರು. ಆದರೂ ದೀಪಾವಳಿಗೆ ಶಾಲೆಗೆ ರಜೆ ಕೊಡ್ತಾರಾ ಕೇಳಿ ಅಂದರು. ಅಲ್ಲಿನ ಎಷ್ಟೋ ಊರುಗಳಲ್ಲಿ ಈಗ ಕೊಡುತ್ತಾರೆ. ಈ ಊರಿನಲ್ಲೂ ಅದಕ್ಕೆ ತಾನು ಪರ ಅಂತ ಆಕೆ ಹೇಳಿದರು. ಅವತ್ತು ಆಕೆಯ ಬಾಯಿಂದ ಬಂದ ಒಂದೇ ಒಂದು ನೇರ ಮಾತು ಅದು, ಅದೂ ವೋಟಿಲ್ಲದವರಿಗೆ! ಅಜ್ಜಿ ಕಾಫಿಗೆ ಒಳಗೆ ಕರೆದರು. ಇನ್ನೂ ಎರಡು ಬೀದಿ ಇದೆ ಅಂತ ಬೇಡ ಅಂದೆವು. ಹೋಗುವಾಗ ಅಂಗಳದಲ್ಲಿ ಒಂದು ಫಲಕ ನೆಡಲು ಅಜ್ಜಿಯೇ ಜಾಗ ತೋರಿಸಿದರು, ರಂಗೋಲಿಯಿಂದ ಎರಡು ಮಾರು ದೂರಕ್ಕೆ.

ನವೆಂಬರ್ 5ರಂದು ಮಗಳ ಜೊತೆ ಮತಗಟ್ಟೆಯವರೆಗೂ ಹೋಗಿದ್ದೆ. ಬೆಳಗ್ಗೆ ಆರರಿಂದ ರಾತ್ರಿ ಎಂಟರವರೆಗೆ ವೋಟು. ಪ್ರಚಾರಕ್ಕೆ ನಮ್ಮಲ್ಲಿ 100 ಮೀಟರ್ ದೂರ ಇರಬೇಕು, ಅಲ್ಲಿ 100 ಅಡಿ ಸಾಕು. ಆ ಗೆರೆಯ ಆಚೆ ಆಕೆ ಕೋಟು ಹಾಕಿಕೊಂಡು ಒಬ್ಬರೇ ನಿಂತಿದ್ದರು. ಮಗಳು ಬೆರಳಿಗೆ ಶಾಯಿ ಇಲ್ಲದೆ, ಎದೆಗೆ ಒಂದು ಸ್ಟಿಕರ್ ಅಂಟಿಸಿಕೊಂಡು ಹೊರಗೆ ಬಂದಳು. ನನ್ನ ಉಗುರಿನ ಶಾಯಿ ಅಷ್ಟರಲ್ಲಿ ಬೆಳೆದು, ಕತ್ತರಿಸಿ, ಹೋಗಿಬಿಟ್ಟಿತ್ತು.

ಮೂರು ಸ್ಥಾನಕ್ಕೆ ಐದು ಜನ. ಆಕೆ ನಾಲ್ಕನೆಯವರಾದರು.

ಶನಿವಾರ ಬೆಳಗ್ಗೆ ಬಾಗಿಲು ತಟ್ಟಿದರು. ನೆಟ್ಟ ಫಲಕಗಳನ್ನು ನೆಟ್ಟವರೇ ಕಿತ್ತುಕೊಂಡು ಬರಬೇಕಂತೆ. ಮರುದಿನ ನನ್ನ ವಿಮಾನ. ಸೂಟ್‌ಕೇಸು ಅರ್ಧ ತುಂಬಿಸಿ ಹೊರಟೆ. ತಂತಿಯ ಕಾಲುಗಳಿಗೆ ಮಣ್ಣು ಮೆತ್ತಿಕೊಂಡಿತ್ತು. ಸೋಲಿನ ಮಾತು ಆಕೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊನೆಗೆ ಅಜ್ಜಿಯ ಮನೆ. ನಾವು ಫಲಕ ಕೀಳುವ ಸದ್ದಿಗೆ ಅಜ್ಜಿ ಹೊರಗೆ ಬಂದರು.

"ಗೆದ್ರಾ?"

"ಇಲ್ಲ ಕಣಮ್ಮ."

"ಹಂಗಾದ್ರೆ ಇವತ್ತು ಪುರಸೊತ್ತು ಐತೆ ಅನ್ನಿ. ಬನ್ನಿ, ಕಾಫಿ ಕುಡೀರಿ."

ಏನಂದರು ಅಂತ ಆಕೆ ಕೇಳಿದರು. ಹೇಳಿದೆ. ಆಕೆ ಕೈಯಲ್ಲಿದ್ದ ಫಲಕಗಳನ್ನು ಗೋಡೆಗೆ ಒರಗಿಸಿ, ನನ್ನನ್ನು ನೋಡಿಕೊಂಡೇ ಶೂ ಬಿಚ್ಚತೊಡಗಿದರು.