ಎಲ್ಲಿಯವರು ಅಂತ ಕೇಳುವ ಮೊದಲು

ಮೆಲ್ಬರ್ನಿನ ಪಶ್ಚಿಮದ ಬಡಾವಣೆಯೊಂದರ ಸಾರ್ವಜನಿಕ ಲೈಬ್ರರಿಯಲ್ಲಿ ನನ್ನ ಕೆಲಸ. ಪುಸ್ತಕ ಕೊಡುವುದು, ವಾಪಸ್ ತೆಗೆದುಕೊಳ್ಳುವುದು, ಮಕ್ಕಳಿಗೆ ಕಥೆ ಓದುವುದು ದಿನಾ ಇದ್ದದ್ದೇ. ಇದರ ಜೊತೆಗೆ ತಿಂಗಳಿಗೊಮ್ಮೆ ಒಬ್ಬ ಲೇಖಕರನ್ನು ಕರೆಸಿ, ಓದುಗರ ಮುಂದೆ ಒಂದು ಗಂಟೆ ಮಾತಾಡಿಸುವುದೂ ನನ್ನ ಪಾಲಿಗೆ ಬಂದಿದೆ. ಎಂಟು ವರ್ಷ ಆಯಿತು. ಈ ಕೆಲಸದ ದೊಡ್ಡ ಪಾಠ ಮೊದಲ ವರ್ಷವೇ ಸಿಕ್ಕಿತು.

ಅವತ್ತು ಬಂದಿದ್ದವರು ವಲಸೆ ಬಂದ ಕುಟುಂಬದ ಒಬ್ಬ ಕಾದಂಬರಿಕಾರ್ತಿ. ಅವರ ಪುಸ್ತಕವನ್ನು ಎರಡು ಸಲ ಓದಿದ್ದೆ. ಇಷ್ಟವಾದ ಕಡೆಯೆಲ್ಲ ಹಳದಿ ಚೀಟಿ ಅಂಟಿಸಿದ್ದೆ. ಆದರೆ ಕೇಳಿದ ಪ್ರಶ್ನೆಗಳೇ ಬೇರೆ. ನಿಮ್ಮ ಮನೆಯವರು ಯಾವಾಗ ಬಂದರು? ಮನೆಯಲ್ಲಿ ಯಾವ ಭಾಷೆ ಆಡ್ತೀರಿ? ಯಾವ ದೇಶ ನಿಮ್ಮದು ಅನ್ನಿಸುತ್ತೆ? ನಾನೂ ಹೊರಗಿಂದ ಬಂದವಳೇ ಅಲ್ವಾ, ಇವು ಆಪ್ತವಾದ ಪ್ರಶ್ನೆಗಳು ಅಂದುಕೊಂಡಿದ್ದೆ. ಅವರು ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ಕಾರ್ಯಕ್ರಮ ಮುಗಿದು ಟೀ ಕುಡಿಯುವಾಗ ನನ್ನ ಕೈಯಲ್ಲಿದ್ದ ಪ್ರತಿಯನ್ನು ತೆಗೆದುಕೊಂಡು ಪುಟ ತಿರುವಿದರು. "ಇಷ್ಟೊಂದು ಚೀಟಿ ಹಚ್ಚಿದ್ದೀರಿ. ಇವುಗಳಲ್ಲಿ ಒಂದನ್ನೂ ಕೇಳಲಿಲ್ಲ. ನಮ್ಮಪ್ಪನ ಪಾಸ್‌ಪೋರ್ಟಿನ ಬಗ್ಗೆ ಕೇಳಿದಿರಿ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅದೇ ನನ್ನನ್ನು ಜಾಸ್ತಿ ಕಾಡಿತು.

ಮನೆಗೆ ಹೋಗಿ ಯೋಚಿಸಿದೆ. ಇಲ್ಲಿನ ಬಿಳಿಯ ಲೇಖಕರನ್ನು ನಾನು ಏನು ಕೇಳುತ್ತಿದ್ದೆ? ವಾಕ್ಯ, ಪಾತ್ರ, ಕಥೆಯ ಕಟ್ಟು. ಉಳಿದವರನ್ನು ಮಾತ್ರ ಬೇರು ಎಲ್ಲಿದೆ ಅಂತ ಕೇಳುತ್ತಿದ್ದೆ. ಇದು ನನ್ನಿಂದಲೇ ಆಗುತ್ತಿದ್ದ ಅನ್ಯಾಯ.

ಆಸ್ಟ್ರೇಲಿಯಾದ ಸಾಹಿತ್ಯದಲ್ಲಿ ಈ ಪ್ರಶ್ನೆಗೆ ಇನ್ನೊಂದು ಭಾರವೂ ಇದೆ. ಇಲ್ಲಿನ ಹೆಸರಾಂತ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿ 1957ರಿಂದ ಕೊಡಲಾಗುತ್ತಿದೆ. ಪುಸ್ತಕದಲ್ಲಿ ಆಸ್ಟ್ರೇಲಿಯಾದ ಬದುಕು ಯಾವುದಾದರೂ ಒಂದು ರೂಪದಲ್ಲಿ ಇರಲೇಬೇಕು ಅನ್ನುವುದು ಅದರ ನಿಯಮ. ಹಾಗಾದರೆ ಆಸ್ಟ್ರೇಲಿಯಾದ ಬದುಕು ಅಂದರೆ ಯಾರದು? ಇದಕ್ಕೆ ಪುಸ್ತಕಗಳೇ ಉತ್ತರ ಕೊಡುತ್ತಾ ಬಂದಿವೆ. ಕೊಲಂಬೊದಲ್ಲಿ ಹುಟ್ಟಿದ ಮಿಶೆಲ್ ಡಿ ಕ್ರೆಟ್ಸರ್ 2013ರಲ್ಲೂ 2018ರಲ್ಲೂ ಈ ಪ್ರಶಸ್ತಿ ಪಡೆದರು. ಇಲ್ಲಿನ ಮೂಲನಿವಾಸಿ ಸಮುದಾಯಗಳ ಲೇಖಕಿಯರಿಗೂ ಬಂದಿದೆ: 2019ರಲ್ಲಿ ಬುಂಜಲಂಗ್ ಮೂಲದ ಮೆಲಿಸ್ಸಾ ಲುಕಾಶೆಂಕೊ, 2020ರಲ್ಲಿ ವಿರಾಜುರಿ ಮೂಲದ ತಾರಾ ಜೂನ್ ವಿಂಚ್. ವಾನ್ಯಿ ಅನ್ನುವ ಮೂಲನಿವಾಸಿ ಸಮುದಾಯದ ಅಲೆಕ್ಸಿಸ್ ರೈಟ್‌ಗೆ 2024ರಲ್ಲಿ ಬಂದದ್ದು 700 ಪುಟ ಮೀರಿದ ಕಾದಂಬರಿಗೆ. 2023ರಲ್ಲಿ ಗೆದ್ದ ಶಂಕರಿ ಚಂದ್ರನ್ ಅವರ ಪುಸ್ತಕದ ಹೆಸರು 'ಚಾಯ್ ಟೈಮ್ ಅಟ್ ಸಿನಮನ್ ಗಾರ್ಡನ್ಸ್'. ಅದನ್ನು ಕೇಳಿದರೆ ಚಹಾ ಕುಡಿಯುತ್ತಾ ಓದುವ ಹಗುರ ಕಥೆ ಅನ್ನಿಸುತ್ತೆ. ಒಳಗೆ ಹೋದರೆ ಸಿಡ್ನಿಯ ಪಶ್ಚಿಮದ ಒಂದು ವೃದ್ಧಾಶ್ರಮ, ಅದನ್ನು ನಡೆಸುವ ಶ್ರೀಲಂಕಾ ತಮಿಳು ಕುಟುಂಬ, ಅವರ ಹಿಂದಿರುವ ಯುದ್ಧ. ಈ ನೆಲದ ಪೂರ್ವ ಕರಾವಳಿಯನ್ನು ಬ್ರಿಟನ್ನಿನದು ಅಂತ ಸಾರಿದ ನಾವಿಕ ಕ್ಯಾಪ್ಟನ್ ಕುಕ್. ಆಶ್ರಮದಲ್ಲಿದ್ದ ಆ ಕ್ಯಾಪ್ಟನ್ ಕುಕ್‌ನ ಪ್ರತಿಮೆ ತೆಗೆದ ವಿಷಯಕ್ಕೆ ಊರೇ ತಿರುಗಿ ಬೀಳುತ್ತದೆ. ನಾನು ವೇದಿಕೆಯಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನು ಲೇಖಕಿ ನನಗಿಂತ ಚೆನ್ನಾಗಿ, ಕಥೆಯೊಳಗೇ ಕೇಳಿದ್ದಾರೆ. ಮತ್ತೆ ಅದನ್ನೇ ಅವರ ಮುಖಕ್ಕೆ ಹಿಡಿಯುವುದೇಕೆ?

ಈಗ ಒಂದು ಪುಟ ಆರಿಸಿಕೊಳ್ಳುತ್ತೇನೆ. ಲೇಖಕರಿಗೆ ಎರಡು ವಾರ ಮೊದಲೇ ತಿಳಿಸುತ್ತೇನೆ. ಮಾತು ಶುರುವಾಗುವುದು ಅವರು ಆ ಪುಟ ಓದುವುದರಿಂದ. ಆಮೇಲಿನ ನನ್ನ ಮೊದಲ ಪ್ರಶ್ನೆ ಅದರಲ್ಲಿನ ಒಂದು ವಾಕ್ಯದ ಬಗ್ಗೆ. ಇಲ್ಲಿ ಯಾಕೆ ನಿಲ್ಲಿಸಿದಿರಿ? ಈ ಅಜ್ಜಿ ಯಾಕೆ ಉತ್ತರ ಕೊಡುವುದಿಲ್ಲ? ಹೀಗೆ ಕೇಳಿದಾಗ ಹುಟ್ಟಿದ ಊರು, ಅಮ್ಮನ ಭಾಷೆ, ಅವಮಾನ ಎಲ್ಲವೂ ತಾವಾಗಿಯೇ ಬರುತ್ತವೆ. ಬರದಿದ್ದರೆ ಬೇಡ. ಅದು ಅವರ ಹಕ್ಕು.

ಮೂಲನಿವಾಸಿ ಲೇಖಕರ ಜೊತೆ ಇನ್ನೊಂದು ಕೆಲಸವಿದೆ. ಏನು ಕೇಳಬಾರದು ಅನ್ನುವುದನ್ನು ಮೊದಲೇ ಕೇಳಿಕೊಳ್ಳುತ್ತೇನೆ. ಹಲವು ಸಮುದಾಯಗಳಲ್ಲಿ ತೀರಿಹೋದವರ ಹೆಸರು ಹೇಳುವುದಿಲ್ಲ. ಕೆಲವು ಕಥೆಗಳು ಇಡೀ ಕುಟುಂಬದ ಸ್ವತ್ತು. ಒಬ್ಬರೇ ಅವನ್ನು ಮೈಕಿನಲ್ಲಿ ಹೇಳಲು ಆಗುವುದಿಲ್ಲ. ಕಾರ್ಯಕ್ರಮದ ಆರಂಭದಲ್ಲಿ ಈ ನೆಲದ ಮೂಲ ಒಡೆಯರನ್ನು ನೆನೆಯುವ ಮಾತನ್ನು ನನ್ನಂಥವರೂ ಹೇಳಬಹುದು. ಆದರೆ ತಮ್ಮ ನೆಲಕ್ಕೆ ಸ್ವಾಗತ ಕೋರುವುದು ಆ ನೆಲದವರಿಂದ ಮಾತ್ರ ಸಾಧ್ಯ. ಆ ಸಮುದಾಯಗಳ ಹೆಸರನ್ನು ಸರಿಯಾಗಿ ಉಚ್ಚರಿಸಲು ನಾನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುತ್ತೇನೆ.

ದುಡ್ಡಿನ ಮಾತು ಮೊದಲ ಪತ್ರದಲ್ಲೇ ಮುಗಿಸಬೇಕು. ಮ್ಯಾಕ್ವಾರಿ ವಿಶ್ವವಿದ್ಯಾಲಯದ 2022ರ ಸಮೀಕ್ಷೆಯ ಪ್ರಕಾರ ಇಲ್ಲಿನ ಲೇಖಕರಿಗೆ ಬರವಣಿಗೆಯಿಂದ ಸಿಗುವ ಸರಾಸರಿ ಆದಾಯ ವರ್ಷಕ್ಕೆ 18,200 ಡಾಲರ್. ಈ ಊರಿನಲ್ಲಿ ಅದು ಬಾಡಿಗೆಗೂ ಸಾಲದು. "ನಿಮಗೆ ಪ್ರಚಾರ ಸಿಗುತ್ತೆ" ಅಂತ ಹೇಳಿ ಯಾರನ್ನೂ ಸುಮ್ನೆ ಕರೆಯಬೇಡಿ.

ತಾರಾ ಜೂನ್ ವಿಂಚ್ ಅವರ ಕಾದಂಬರಿಯನ್ನು ನಮ್ಮ ಓದುಗರ ಬಳಗಕ್ಕೆ ಇಟ್ಟಾಗಿನ ಒಂದು ವಿಷಯ ಹೇಳಲೇಬೇಕು. ಅದರಲ್ಲಿ ಸಾವು ಹತ್ತಿರ ಬಂದ ತಾತ ತನ್ನ ವಿರಾಜುರಿ ಭಾಷೆಯ ನಿಘಂಟು ಬರೆಯುತ್ತಾನೆ. ಪದಕ್ಕೆ ಅರ್ಥ ಕೊಡುತ್ತಾ ತನ್ನ ಬದುಕನ್ನೇ ಹೇಳುತ್ತಾ ಹೋಗುತ್ತಾನೆ. ಪುಸ್ತಕದ ಹೆಸರು 'ದ ಯೀಲ್ಡ್'. ನಾನು ಮನಸ್ಸಿನಲ್ಲಿ ಅದನ್ನು 'ಇಳುವರಿ' ಅಂತ ಇಟ್ಟುಕೊಂಡು ಓದಿದೆ. ಅಂದರೆ ನೆಲದಿಂದ ನಾವು ಪಡೆಯುವುದು. ತಾತನ ನಿಘಂಟಿನಲ್ಲಿ ಅದಕ್ಕೆ ಸಿಗುವ ವಿರಾಜುರಿ ಪದದ ಜಾಡು ಬೇರೆ. ಅಲ್ಲಿ ಅದು ನಾವು ಕೊಡುವುದರ ಕಡೆಗೆ ಹೋಗುತ್ತದೆ. ಇಂಗ್ಲಿಷ್ ಪದಕ್ಕೂ ಫಸಲು ಅನ್ನುವುದರ ಜೊತೆಗೆ ಬಾಗುವುದು, ದಾರಿ ಬಿಡುವುದು ಅನ್ನುವ ಅರ್ಥವಿದೆ. ನನ್ನ ಇಳುವರಿಯಲ್ಲಿ ಆ ಅರ್ಧ ಬಿಟ್ಟುಹೋಗಿತ್ತು.

ಮಂಡ್ಯದಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಬೆಳೆಗೂ ಬಾಗುವುದಕ್ಕೂ ಒಂದೇ ಮಾತು ನಮ್ಮಲ್ಲಿ ಇದೆಯಾ ಅಂತ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೇ ಮಾತು ಯಾಕೆ ಬೇಕು? ಕಾಳು ಕಟ್ಟಿದ ಮೇಲೆ ಭತ್ತದ ತೆನೆ ಬಾಗಲ್ವೇನೇ?" ಅಂದರು.

ಬಳಗ ಸೇರಿದ ದಿನ ಅದನ್ನೇ ಪ್ರಶ್ನೆಯಾಗಿ ಮುಂದಿಟ್ಟೆ. ವರ್ಷಗಟ್ಟಲೆ ಬಂದರೂ ಬಾಯಿ ಬಿಡದ ಒಬ್ಬ ಹಿರಿಯರಿದ್ದರು. ಮೊದಲು ಗೋಧಿ ಬೆಳೆಯುತ್ತಿದ್ದವರು. ಅವರು ಕೈ ಎತ್ತಿ, ಗೋಧಿಯ ತೆನೆಯೂ ಹಾಗೇ ಬಾಗುತ್ತದೆ ಅಂದರು. ಆಮೇಲೆ ತಾವು ಉಳುತ್ತಿದ್ದ ಆ ಹೊಲ ಅದಕ್ಕೂ ಮುಂಚೆ ಯಾರದಾಗಿತ್ತು ಅನ್ನುವ ಮಾತು ತೆಗೆದರು. ಎಂಟು ಗಂಟೆಗೆ ಬಾಗಿಲು ಹಾಕಬೇಕಿತ್ತು. ಅವತ್ತು ಯಾರೂ ಎದ್ದು ಹೋಗಲಿಲ್ಲ.