ಹೆಡ್ ಇಳಿಸುವ ಮೊದಲು ಗೇಜ್ ಹಾಕಿ

ನಮ್ಮ ಗ್ಯಾರೇಜಿಗೆ ಬಂದ, ಗ್ಯಾಸ್‌ನಲ್ಲಿ ಓಡುವ ಓಮ್ನಿ ವ್ಯಾನ್. ಐಡ್ಲಿಂಗ್‌ನಲ್ಲಿ ಮಿಸ್ಸಿಂಗ್, ಏರಿನಲ್ಲಿ ಪಿಕಪ್ ಇಲ್ಲ. ಸದ್ದು ಕೇಳಿಯೇ ನಮ್ಮ ಸೂಪರ್‌ವೈಸರ್ ಹಾಫ್ ಎಂಜಿನ್ (ಎಂಜಿನ್ ಬಿಚ್ಚಿ ಮಾಡುವ ದೊಡ್ಡ ರಿಪೇರಿ) ಅಂತ ಎಸ್ಟಿಮೇಟ್ ಬರೆದುಬಿಟ್ಟಿದ್ದರು. ಗಾಡಿ ನನ್ನ ಕೈಗೆ ಬರುವಷ್ಟರಲ್ಲಿ ಸೀಟು ಎತ್ತಿ, ಎಂಜಿನ್ ಮೇಲಿನ ಮುಚ್ಚಳ, ಟ್ಯಾಪೆಟ್ ಕವರ್, ಬಿಚ್ಚಿ ಆಗಿತ್ತು. ಇನ್ನು ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ, ವಾಲ್ವ್ ಇರುವ ಭಾಗ) ಇಳಿಸು ಅಂದರು.

ನಾನು ಒಪ್ಪಲಿಲ್ಲ. ಟೈಮಿಂಗ್ ಬೆಲ್ಟ್, ವಾಲ್ವ್ ಒತ್ತಿ ತೆರೆಯುವ ರಾಕರ್ ಎಲ್ಲಾ ಜಾಗದಲ್ಲಿ ಇರುವಾಗಲೇ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಕಟ್ಟುತ್ತದೆ ಅಂತ, ನೋಡಬೇಕು. ರಾಕರ್ ತೆಗೆದರೆ ವಾಲ್ವ್ ತೆರೆಯುವುದೇ ಇಲ್ಲ, ಒತ್ತಡ ಅಳೆಯುವ ಗೇಜ್ ತೋರಿಸುವುದಕ್ಕೆ ಅರ್ಥ ಇರಲ್ಲ.

ಗೇಜ್ ಇರುವುದು ಸ್ಪೇರ್ಸ್ ರೂಮಿನ ಬೀರುವಿನಲ್ಲಿ. ಸಹಿ ಹಾಕಿ ತರಬೇಕು. ಅದಕ್ಕೇ ಯಾರೂ ಮುಟ್ಟುವುದಿಲ್ಲ!

ಮೂರೂ ಪ್ಲಗ್ ಬಿಚ್ಚಿದೆ. ಕಾಯಿಲ್ ಕಪ್ಲರ್ ಕಳಚಿ, ಪಂಪ್ ಫ್ಯೂಸ್ ಕಿತ್ತು, ಗ್ಯಾಸ್ ಬಂದ್ ಮಾಡಿದೆ. ಹೆಲ್ಪರ್ ಹುಡುಗ ಬಗ್ಗಿ ಆಕ್ಸಿಲರೇಟರನ್ನು ಕೈಯಲ್ಲೇ ಪೂರ್ತಿ ಒತ್ತಿ ಸೆಲ್ಫ್ ಹೊಡೆದ. ಅರ್ಧ ಒತ್ತಿದರೆ ಗಾಳಿ ಸಾಲದೆ ರೀಡಿಂಗ್ ಬೀಳುತ್ತದೆ. ಒಂದನೇ ಸಿಲಿಂಡರ್ 165 ಪಿಎಸ್‌ಐ (ಒತ್ತಡದ ಅಳತೆ), ಮೂರನೆಯದು 160. ಎರಡನೆಯದರಲ್ಲಿ ಮುಳ್ಳು ಕುಂಟುತ್ತಾ ಏರಿ 90ಕ್ಕೆ ನಿಂತಿತು. ಸಿಲಿಂಡರ್‌ಗಳ ನಡುವೆ ಶೇ. 10-15 ವ್ಯತ್ಯಾಸ ಇದ್ದರೆ ಪರವಾಗಿಲ್ಲ. ಇದು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು.

"ನೋಡಿದ್ಯಾ, ಪಿಸ್ಟನ್ ರಿಂಗ್ ಹೋಗಿದೆ" ಅಂದರು ಸೂಪರ್‌ವೈಸರ್. ಓಮ್ನಿ ಡ್ರೈವರ್ ಪಕ್ಕದಲ್ಲೇ ನಿಂತಿದ್ದರು. ಬಾಡಿಗೆ ಓಡಿಸಿ ಮನೆ ನಡೆಸುವವರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಪ್ಲಗ್ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಸೆಲ್ಫ್ ಹೊಡೆಸಿದೆ. ರಿಂಗ್ ಸವೆದಿದ್ದರೆ ಆಯಿಲ್ ಆ ಸಂದಿ ಮುಚ್ಚಿ ಮುಳ್ಳು ಜಿಗಿಯಬೇಕಿತ್ತು. 95 ದಾಟಲಿಲ್ಲ. ಹೆಡ್ ಕೆಳಗಿನ ಗ್ಯಾಸ್ಕೆಟ್ ಎರಡು ಸಿಲಿಂಡರ್ ನಡುವೆ ಒಡೆದಿದ್ದರೆ ಪಕ್ಕದ ಸಿಲಿಂಡರ್ ಕೂಡ ಬೀಳುತ್ತಿತ್ತು. ಹಾಗಾದರೆ ವಾಲ್ವ್‌ನದೇ ಅನುಮಾನ ಜಾಸ್ತಿ, ಅಲ್ವಾ?

ಎರಡನೇ ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ಟಿಡಿಸಿಗೆ (ತೀರಾ ಮೇಲಿನ ತುದಿಗೆ) ತಂದು ಎಕ್ಸಾಸ್ಟ್ ಟ್ಯಾಪೆಟ್‌ಗೆ, ಅಂದರೆ ರಾಕರ್ ಮತ್ತು ವಾಲ್ವ್ ನಡುವಿನ ಸಂದಿಗೆ, ಗ್ಯಾಪ್ ಅಳೆಯುವ ಫೀಲರ್ ಹಾಕಿದೆ. ತೀರಾ ತೆಳು ಎಲೆಯೂ ತೂರಲಿಲ್ಲ. ಗ್ಯಾಸ್ ಗಾಡಿಯಲ್ಲಿ ವಾಲ್ವ್ ಕೂರುವ ಸೀಟ್ ಬೇಗ ಸವೆಯುತ್ತದೆ. ವಾಲ್ವ್ ಒಳಗೆ ಕೂರುತ್ತಾ ಹೋದಂತೆ ಗ್ಯಾಪ್ ಮುಚ್ಚಿ, ಕೊನೆಗೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಲಾಕ್‌ನಟ್ ಸಡಿಲಿಸಿ ಗ್ಯಾಪ್ ಇಟ್ಟು ನೋಡಿದರೆ 145.

ಸಂಜೆಯೇ ಗಾಡಿ ಹೋಯಿತು. ಸೀಟ್ ಸವೆದಿರುವುದರಿಂದ ಮತ್ತೆ ಬಿಗಿಯಾಗುತ್ತದೆ, ಆಯಿಲ್ ಬದಲಿಸುವಾಗೆಲ್ಲ ಟ್ಯಾಪೆಟ್ ನೋಡಿಸಿ ಅಂತ ಡ್ರೈವರಿಗೆ ಹೇಳಿದೆ. ಗ್ಯಾಸ್ ಗಾಡಿಗಳ ಜಾಬ್ ಕಾರ್ಡಿನಲ್ಲಿ ಅದಕ್ಕೊಂದು ಸಾಲು ಸೇರಿಸಿ ಅಂತ ಮ್ಯಾನೇಜ್‌ಮೆಂಟ್‌ಗೂ ಕೇಳಿದ್ದೇನೆ. ಇನ್ನೂ ಸೇರಿಸಿಲ್ಲ.