ಡಿ ನೋಯರ್‌ಗೆ ಐವತ್ತು

22 ಮಾರ್ಚ್ 2026, ಭಾನುವಾರ

ನೆದರ್ಲೆಂಡ್ಸ್‌ನ ಹಾಕಿ ಆಟಗಾರ ಟ್ಯೂನ್ ಡಿ ನೋಯರ್ ಅವರಿಗೆ ಇಂದು ಐವತ್ತು ವರ್ಷ ತುಂಬಿತು. ತಮ್ಮ ದೇಶದ ಪರ 453 ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿದ, ಎರಡು ಒಲಿಂಪಿಕ್ ಚಿನ್ನ ಮತ್ತು ಎರಡು ಬೆಳ್ಳಿ ಗೆದ್ದ ಈ ಆಟಗಾರನ ಬಗ್ಗೆ ಕನ್ನಡದಲ್ಲಿ ಬರೆದದ್ದು ಬಹಳ ಕಡಿಮೆ. ಬೆಳಗಿನಿಂದ ಅವರ ಹಳೆಯ ಪಂದ್ಯಗಳ ದೃಶ್ಯಗಳನ್ನು ನೋಡುತ್ತಾ ಕುಳಿತಿದ್ದರಿಂದ, ಇಂದಿನ ದಿನಚರಿಯನ್ನು ಅವರಿಗೇ ಮೀಸಲಿಡುತ್ತಿದ್ದೇನೆ.

ಅವರು ಹುಟ್ಟಿದ್ದು 1976ರಲ್ಲಿ, ಉತ್ತರ ಸಮುದ್ರದ ದಂಡೆಗೆ ಹತ್ತಿರವಿರುವ ಎಗ್ಮಂಡ್ ಎಂಬ ಊರಿನಲ್ಲಿ. ಅದೇ ವರ್ಷ ಮಾಂಟ್ರಿಯಲ್‌ನಲ್ಲಿ ಮೊದಲ ಬಾರಿಗೆ ಒಲಿಂಪಿಕ್ ಹಾಕಿಯನ್ನು ಕೃತಕ ಹಾಸಿನ ಮೇಲೆ ಆಡಿಸಲಾಯಿತು. ಹಿಂದಿನ ವರ್ಷವಷ್ಟೇ ಕೌಲಾಲಂಪುರದಲ್ಲಿ ವಿಶ್ವಕಪ್ ಎತ್ತಿದ್ದ ಭಾರತ ಅಲ್ಲಿ ಏಳನೇ ಸ್ಥಾನಕ್ಕೆ ಇಳಿಯಿತು. ನಮ್ಮ ಹುಡುಗರು ಮುಂದೆಯೂ ಎಷ್ಟೋ ವರ್ಷ ಮಣ್ಣಿನ, ಹುಲ್ಲಿನ ಮೈದಾನಗಳಲ್ಲೇ ಆಟ ಕಲಿತು, ದೊಡ್ಡ ಪಂದ್ಯಾವಳಿಗೆ ಹೋದಾಗ ಟರ್ಫ್‌ಗೆ ಹೊಂದಿಕೊಳ್ಳಲು ಒದ್ದಾಡುತ್ತಿದ್ದರು. ನೆದರ್ಲೆಂಡ್ಸ್‌ನಲ್ಲಾದರೋ ಕ್ಲಬ್ಬುಗಳೇ ಹಾಕಿಯ ಜೀವಾಳ. ಊರೂರಿನ ಕ್ಲಬ್ಬಿನಲ್ಲಿ ಅಪ್ಪ ಅಮ್ಮ ಮಕ್ಕಳೆಲ್ಲ ಸದಸ್ಯರಾಗಿರುತ್ತಾರೆ. ಡಿ ನೋಯರ್ ಬೆಳೆದದ್ದು ಆ ವ್ಯವಸ್ಥೆಯೊಳಗೆ. ಹಾರ್ಲೆಮ್ ಬಳಿಯ ಬ್ಲೂಮೆಂಡಾಲ್ ಕ್ಲಬ್ ಸೇರಿದ ಮೇಲೆ ಅವರ ವೃತ್ತಿಜೀವನದ ಬಹುಪಾಲು ಅಲ್ಲೇ ಕಳೆಯಿತು. ರಾಷ್ಟ್ರೀಯ ತಂಡಕ್ಕೆ ಕಾಲಿಟ್ಟಾಗ, 1994ರಲ್ಲಿ, ಅವರಿಗೆ ಹದಿನೆಂಟು.

ಅವರ ಆಟದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುವುದು ಚೆಂಡನ್ನು ಪಡೆಯುವ ರೀತಿ. ಸಾಮಾನ್ಯ ಫಾರ್ವರ್ಡ್ ಆಟಗಾರ ಬಂದ ಚೆಂಡನ್ನು ಮೊದಲು ನಿಲ್ಲಿಸುತ್ತಾನೆ, ಆಮೇಲೆ ತಲೆ ಎತ್ತಿ ನೋಡುತ್ತಾನೆ, ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಡಿ ನೋಯರ್ ಚೆಂಡು ಬರುವ ಮೊದಲೇ ಭುಜದ ಮೇಲಿಂದ ಹಿಂದೆ ನೋಡಿ, ದೇಹವನ್ನು ಅರ್ಧ ತಿರುಗಿಸಿಕೊಂಡು, ಓಡುತ್ತಲೇ ಸ್ಟಿಕ್ಕನ್ನು ಚೆಂಡಿಗೆ ಮೃದುವಾಗಿ ತಾಕಿಸುತ್ತಿದ್ದರು. ಆ ಒಂದೇ ಸ್ಪರ್ಶಕ್ಕೆ ಚೆಂಡು ಡಿಫೆಂಡರ್‌ನ ತೂಕ ಯಾವ ಕಾಲಿನ ಮೇಲಿದೆಯೋ ಅದರ ಹೊರಬದಿಗೆ ಸರಿದಿರುತ್ತಿತ್ತು. ನಿಲ್ಲಿಸುವುದು ಮತ್ತು ದಾಟುವುದು ಎಂಬ ಎರಡು ಕೆಲಸಗಳು ಅವರಲ್ಲಿ ಒಂದೇ ಆಗಿದ್ದವು. ಧ್ಯಾನ್‌ಚಂದ್ ಪರಂಪರೆಯಲ್ಲಿ ಡ್ರಿಬ್ಲಿಂಗ್ ನೋಡಿ ಬೆಳೆದ ನಮಗೆ ಇದು ಅಪರಿಚಿತವಲ್ಲ. ಆದರೆ ಟರ್ಫ್‌ನ ವೇಗದಲ್ಲಿ, ಯುರೋಪಿನ ಗಟ್ಟಿಮುಟ್ಟಾದ ರಕ್ಷಣಾ ಪಡೆಯ ನಡುವೆ ಅದನ್ನು ಹದಿನೆಂಟು ವರ್ಷ ಮಾಡಿ ತೋರಿಸಿದವರು ಅಪರೂಪ.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಇಪ್ಪತ್ತರ ಹರೆಯದ ಅವರು ತಂಡದಲ್ಲಿದ್ದರು. ರೋಲಂಟ್ ಓಲ್ಟ್‌ಮನ್ಸ್ ತರಬೇತಿಯ ಆ ತಂಡ ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 3-1ರಿಂದ ಗೆದ್ದು, ಡಚ್ ಪುರುಷರಿಗೆ ಹಾಕಿಯ ಮೊದಲ ಒಲಿಂಪಿಕ್ ಚಿನ್ನ ತಂದಿತು. ಮುಂದೆ ಭಾರತ ತಂಡದ ಕೋಚ್ ಆಗಿ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ ಶಿಬಿರ ನಡೆಸಿದವರು ಇದೇ ಓಲ್ಟ್‌ಮನ್ಸ್. ಎರಡು ವರ್ಷಗಳ ನಂತರ ಉಟ್ರೆಕ್ಟ್‌ನಲ್ಲಿ, ಸ್ವಂತ ಜನರ ಮುಂದೆ ನಡೆದ ವಿಶ್ವಕಪ್ ಫೈನಲ್‌ನಲ್ಲಿ ಮತ್ತೆ ಸ್ಪೇನ್ ಎದುರಾಯಿತು. 0-2ರಿಂದ ಹಿಂದಿದ್ದ ಡಚ್ಚರು ಸಮ ಮಾಡಿಕೊಂಡು, ಹೆಚ್ಚುವರಿ ಅವಧಿಯಲ್ಲಿ ಗೆದ್ದರು. ಹೆಚ್ಚುವರಿ ಅವಧಿಯಲ್ಲಿ ಮೊದಲು ಗೋಲು ಹೊಡೆದವರೇ ಗೆದ್ದಂತೆ ಎಂಬುದು ಆಗಿನ ನಿಯಮ; ಆ ಗೋಲ್ಡನ್ ಗೋಲ್ ಡಿ ನೋಯರ್ ಅವರದು. 2000ದಲ್ಲಿ ಸಿಡ್ನಿಯಲ್ಲಿ ದಕ್ಷಿಣ ಕೊರಿಯಾವನ್ನು ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಮಣಿಸಿ ಮತ್ತೊಂದು ಚಿನ್ನ. ಅದಾದ ಮೇಲೆ ಡಚ್ ಪುರುಷರು ಮುಂದಿನ ಚಿನ್ನಕ್ಕಾಗಿ 2024ರ ಪ್ಯಾರಿಸ್‌ವರೆಗೆ ಕಾಯಬೇಕಾಯಿತು ಎಂಬುದನ್ನು ನೆನೆದರೆ ಆ ಪೀಳಿಗೆಯ ತೂಕ ಅರ್ಥವಾಗುತ್ತದೆ.

ಆದರೂ ಅವರ ವೃತ್ತಿಜೀವನವನ್ನು ಬರೀ ಪದಕಗಳಿಂದ ಅಳೆಯಲು ನನಗೆ ಮನಸ್ಸಿಲ್ಲ. 2003, 2005 ಮತ್ತು 2006ರಲ್ಲಿ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಅವರನ್ನು ವರ್ಷದ ಆಟಗಾರ ಎಂದು ಆರಿಸಿತು. ನಡುವಿನ ಆ 2004ರಲ್ಲೇ ಅಥೆನ್ಸ್ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಜೇಮಿ ಡ್ವೈಯರ್ ಹೊಡೆದ ಗೋಲ್ಡನ್ ಗೋಲ್ ಡಚ್ಚರಿಂದ ಚಿನ್ನ ಕಿತ್ತುಕೊಂಡಿತು. ಉಟ್ರೆಕ್ಟ್‌ನಲ್ಲಿ ಯಾವ ನಿಯಮ ಅವರಿಗೆ ವಿಶ್ವಕಪ್ ಕೊಟ್ಟಿತ್ತೋ ಅದೇ ನಿಯಮ ಇಲ್ಲಿ ಅವರ ವಿರುದ್ಧ ನಿಂತಿತು. ಡ್ವೈಯರ್ ಮುಂದೆ ಬ್ಲೂಮೆಂಡಾಲ್‌ಗೇ ಬಂದು ಅವರ ಜೊತೆಯಲ್ಲಿ ಆಡಿದರು. ಕ್ಲಬ್ ಹಾಕಿಯ ಈ ದೊಡ್ಡತನ ನನಗೆ ತುಂಬಾ ಇಷ್ಟ. 2008ರ ಬೀಜಿಂಗ್‌ನಲ್ಲಿ ನಾಲ್ಕನೇ ಸ್ಥಾನ, 2010ರ ದೆಹಲಿ ವಿಶ್ವಕಪ್‌ನಲ್ಲಿ ಕಂಚು.

2012ರ ಲಂಡನ್ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳಿರುವಾಗ ಕೋಚ್ ಪಾಲ್ ವಾನ್ ಆಸ್, ಡಿ ನೋಯರ್ ಅವರನ್ನು ತಂಡದಿಂದ ಕೈಬಿಟ್ಟರು. ಮೂವತ್ತೈದು ದಾಟಿದ, ಗೆಲ್ಲಬೇಕಾದ್ದನ್ನೆಲ್ಲ ಗೆದ್ದ ಆಟಗಾರ ಅಲ್ಲಿಗೇ ಸ್ಟಿಕ್ ಕೆಳಗಿಟ್ಟಿದ್ದರೆ ಯಾರೂ ತಪ್ಪು ಎಣಿಸುತ್ತಿರಲಿಲ್ಲ. ಅವರು ಆಡುತ್ತಲೇ ಇದ್ದರು, ಕೋಚ್ ಮತ್ತೆ ಕರೆದರು, ಮತ್ತು ಲಂಡನ್‌ನ ನೀಲಿ ಟರ್ಫ್ ಮೇಲೆ ಅವರು ತಮ್ಮ ಐದನೇ ಒಲಿಂಪಿಕ್ಸ್ ಆಡಿದರು. ಅಲ್ಲಿ ಭಾರತ ಅವರ ಗುಂಪಿನಲ್ಲೇ ಇತ್ತು. ನಮ್ಮ ಕೊಡಗಿನ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ ಇದ್ದ ಭಾರತ ತಂಡ 2-3ರಿಂದ ಸೋತರೂ ಡಚ್ಚರನ್ನು ಚೆನ್ನಾಗಿಯೇ ಕಾಡಿಸಿತ್ತು. ಸೆಮಿಫೈನಲ್‌ನಲ್ಲಿ ಬ್ರಿಟನ್ ವಿರುದ್ಧ 9-2ರ ಗೆಲುವು, ಫೈನಲ್‌ನಲ್ಲಿ ಜರ್ಮನಿಗೆ 1-2ರಿಂದ ಸೋಲು, ಕೊರಳಿಗೆ ಎರಡನೇ ಬೆಳ್ಳಿ.

ಮರುವರ್ಷ ಆರಂಭವಾದ ಹಾಕಿ ಇಂಡಿಯಾ ಲೀಗ್‌ನಲ್ಲಿ ಅವರು ಉತ್ತರ ಪ್ರದೇಶ ವಿಜರ್ಡ್ಸ್ ತಂಡಕ್ಕೆ ಬಂದರು. ಲಂಡನ್‌ನಲ್ಲಿ ಎದುರಾಳಿಯಾಗಿದ್ದ ರಘುನಾಥ್ ಈಗ ಅದೇ ತಂಡದ ಜೊತೆಗಾರ. ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿನತ್ತ ಎಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಹೆಸರಾದ ಕೊಡಗಿನ ಡಿಫೆಂಡರ್, ಪೆನಾಲ್ಟಿ ಕಾರ್ನರ್ ಹೊಡೆತವನ್ನು ತನ್ನ ಕಾಲದ ಫ್ಲಿಕರ್‌ಗಳಿಗೆ ಬಿಟ್ಟು ಓಟದ ಆಟದಿಂದಲೇ ದೊಡ್ಡವನಾದ ಡಚ್ ಆಟಗಾರ: ಇಬ್ಬರೂ ಒಂದೇ ಬಣ್ಣದ ಜೆರ್ಸಿ ತೊಟ್ಟು ಲಖನೌದಲ್ಲಿ ಆಡಿದ್ದನ್ನು ನಮ್ಮ ಹಾಕಿ ಅಭಿಮಾನಿಗಳು ಇನ್ನಷ್ಟು ನೆನೆಯಬೇಕು ಎಂಬುದು ನನ್ನ ಆಸೆ.